ಪಂಡಿತರ ಸೀಮೆಯ ಮುಖಗಳು

ಜಾತ್ರೆ ಹತ್ತಿರ ಬಂತೆಂದರೆ ಸೇಡಂ, ಚಿಂಚೋಳಿ, ಚಿತ್ತಾಪುರ ಕಡೆಯ ಹಳ್ಳಿಗಳಲ್ಲಿ ನಾಟಕದ ಹ್ಯಾಂಡ್‌ಬಿಲ್ಲುಗಳು ಕೈಯಿಂದ ಕೈಗೆ ಹರಿದಾಡುತ್ತವೆ. ಮೇಲೆ ಊರ ದೇವರು, ಅದರ ಕೆಳಗೆ ದಪ್ಪಕ್ಷರದಲ್ಲಿ ನಾಟಕದ ಹೆಸರು, ಆಮೇಲೆ ಸಾಲು ಸಾಲು ಮುಖಗಳು. ನಾಯಕ, ಖಳನಾಯಕ, ಹಾಸ್ಯಗಾರ, ಪೇಟಿ ಮಾಸ್ತರು, ತಬಲಾದವರು, ಹೊರಗಿನಿಂದ ಕರೆಸಿದ ನಟಿಯರು. ಬಹಳಷ್ಟು ಬ್ಯಾಂಕಿನ ಖಾತೆಗೋ ಕಾಲೇಜಿನ ಅರ್ಜಿಗೋ ತೆಗೆಸಿಟ್ಟ ಪಾಸ್‌ಪೋರ್ಟ್ ಅಳತೆಯ ಫೋಟೋಗಳು. ರಾತ್ರಿಯಿಡೀ ಜನರನ್ನು ನಗಿಸಬೇಕಾದ ಹಾಸ್ಯಗಾರನೂ ಅಲ್ಲಿ ತುಟಿ ಬಿಗಿದುಕೊಂಡೇ ಕೂತಿರುತ್ತಾನೆ.

ಇದೇ ಸೀಮೆಯ ಒಬ್ಬರು ನಟ ನಟಿಯರ ಮುಖ ಬರೆದೇ ಮುಂಬೈಯಲ್ಲಿ ದೊಡ್ಡ ಹೆಸರು ಮಾಡಿದ್ದರು. ಎಸ್.ಎಂ. ಪಂಡಿತ್. ಕಲಬುರಗಿಯಲ್ಲಿ ನಾಟಕ, ಸಮಾರಂಭಗಳು ನಡೆಯುವ ರಂಗಮಂದಿರಕ್ಕೆ ಅವರದೇ ಹೆಸರು. ಒಳಗೆ ಹೋಗುವವರಲ್ಲಿ ಎಷ್ಟೋ ಮಂದಿ ಅದನ್ನು ಯಾರೋ ಹಿರಿಯ ನಟನ ಹೆಸರೆಂದೇ ತಿಳಿಯುತ್ತಾರೆ. ಅವರು ಬಣ್ಣ ಹಚ್ಚಿದ್ದು ಬೇರೆಯವರ ಮುಖಕ್ಕೆ, ಅದೂ ಕಾಗದದ ಮೇಲೆ.

ಸಾಂಬಾನಂದ ಮೋನಪ್ಪ ಪಂಡಿತರು ಹುಟ್ಟಿದ್ದು 1916ರಲ್ಲಿ, ಆಗಿನ ಗುಲ್ಬರ್ಗದಲ್ಲಿ. ಮೊದಲ ಪಾಠ ಊರಿನಲ್ಲೇ, ಶಂಕರರಾವ್ ಆಳಂದಕರ ಅವರ ಬಳಿ. ಮುಂದೆ ಮುಂಬೈಯಲ್ಲಿ ಜಿ.ಎಸ್. ದಂಡಾವತಿಮಠರ ನೂತನ ಕಲಾಮಂದಿರ, ಜೆ.ಜೆ. ಕಲಾಶಾಲೆ. ಹೊಟ್ಟೆಪಾಡಿಗೆ ಸಿಕ್ಕಿದ್ದು ಸಿನಿಮಾ ಪ್ರಚಾರದ ಕೆಲಸ. ಮೆಟ್ರೊ ಚಿತ್ರಮಂದಿರಕ್ಕೆ ಬರುತ್ತಿದ್ದ ಎಂಜಿಎಂ ಕಂಪನಿಯ ಹಾಲಿವುಡ್ ಚಿತ್ರಗಳಿಗೆ ಶೋಕಾರ್ಡ್ ಬರೆದರು. ಬಾಬೂರಾವ್ ಪಟೇಲರ ‘ಫಿಲ್ಮ್‌ಇಂಡಿಯಾ’ ಪತ್ರಿಕೆಗೆ ಅವರು ಬರೆದ ಮುಖಪುಟಗಳು ಮನೆಮನೆ ತಲುಪಿದವು. ಆಮೇಲೆ ಪುರಾಣದ ಪಾತ್ರಗಳು ಅವರ ಕೈಯಲ್ಲಿ ಕ್ಯಾಲೆಂಡರ್ ಚಿತ್ರಗಳಾಗಿ ಗೋಡೆಗೆ ಬಂದವು. 1993ರಲ್ಲಿ ತೀರಿಕೊಂಡರು.

ಸಿನಿಮಾ ಪ್ರಚಾರದ ಚಿತ್ರಕಾರರ ಎದುರು ತಾರೆಯರು ಬಂದು ಕೂರುವುದು ಅಪರೂಪ. ಕಂಪನಿ ಕಳಿಸಿದ ಸ್ಟಿಲ್ ಫೋಟೋ ನೋಡಿ ಬರೆಯುವುದೇ ರೂಢಿ. ಎಂಜಿಎಂನವರಂತೂ ಇದಕ್ಕೆಂದೇ 1930ರ ದಶಕದ ಆರಂಭದಲ್ಲಿ ಜಾರ್ಜ್ ಹರೆಲ್ ಎಂಬ ಛಾಯಾಗ್ರಾಹಕನನ್ನು ಇಟ್ಟುಕೊಂಡಿದ್ದರು. ಮುಖದ ಒಂದು ಮಗ್ಗುಲಿಗೆ ಬೆಳಕು, ಇನ್ನೊಂದು ಮಗ್ಗುಲು ನೆರಳಲ್ಲಿ, ಕೂದಲ ಅಂಚಿಗೆ ಹಿಂದಿನಿಂದ ಮಿಂಚು. ಆ ಕಾಲದ ಕಪ್ಪು ಬಿಳುಪು ಸ್ಟಿಲ್‌ಗೆ ಮೈಬಣ್ಣ ತುಂಬುವ ಹೊಣೆ ಚಿತ್ರಕಾರನದು. ಪಂಡಿತರ ಕೈಯಲ್ಲಿ ಕೆನ್ನೆ ಒಳಗಿನಿಂದಲೇ ಹೊಳೆಯುತ್ತಿತ್ತು, ಕಣ್ಣು ನೋಡುಗನ ಮೇಲೇ ನೆಟ್ಟಿರುತ್ತಿತ್ತು. ಬಣ್ಣದ ಸಿನಿಮಾ ವಿರಳವಾಗಿದ್ದ ದಿನಗಳಲ್ಲಿ ಜನ ತಾರೆಯರ ಬಣ್ಣ ಕಂಡದ್ದು ಇಂಥ ಚಿತ್ರಗಳಲ್ಲಿಯೇ.

ಫೋಟೋ ಎಂಬ ವಿದ್ಯೆ ಈ ಭಾಗಕ್ಕೆ ಬಂದದ್ದೂ ಹಳೆಯ ಕತೆ. ಆಗ ನಾವು ನಿಜಾಮರ ಸೀಮೆ. ಸೇಡಂ ಹಾಯ್ದು ಹೋಗುವ ವಾಡಿ–ಸಿಕಂದರಾಬಾದ್ ರೈಲು ಮಾರ್ಗ ಶುರುವಾದದ್ದು 1874ರಲ್ಲಿ. ಅದರ ಆ ತುದಿಯಲ್ಲಿ ಆರನೇ ನಿಜಾಮರ ಆಸ್ಥಾನ ಛಾಯಾಗ್ರಾಹಕ ರಾಜಾ ದೀನ್ ದಯಾಳರ ಸ್ಟುಡಿಯೊ ಇತ್ತು. ಪರದೆಯ ಹೆಂಗಸರಿಗೆಂದು 1892ರಲ್ಲಿ ಅವರು ಬೇರೆ ಸ್ಟುಡಿಯೊವನ್ನೇ ತೆರೆದರು. ಅಲ್ಲಿ ಕ್ಯಾಮೆರಾ ಹಿಡಿದವರೂ ಹೆಂಗಸರೇ. ಅಷ್ಟು ದೂರದಿಂದ ಹಳ್ಳಿಯ ಬಯಲಾಟದವರೆಗೆ ಕ್ಯಾಮೆರಾ ನಡೆದು ಬರಲು ಬಹಳ ವರ್ಷ ಹಿಡಿಯಿತು.

ಈಗ ಪ್ರತಿ ಕಿಸೆಯಲ್ಲೂ ಕ್ಯಾಮೆರಾ ಇದೆ. ಕೋಡ್ಲಾದ ಸಿಮೆಂಟ್ ಕಾರ್ಖಾನೆಯ ಸುತ್ತಲಿನ ಹಳ್ಳಿಗಳ ಹುಡುಗನಿಗೂ ಬೆಂಗಳೂರಿನ ಧಾರಾವಾಹಿಯ ಆಡಿಷನ್ ಸುದ್ದಿ ವಾಟ್ಸ್‌ಆ್ಯಪ್‌ನಲ್ಲಿ ಬರುತ್ತದೆ. ಹೆಸರು, ವಯಸ್ಸು, ಎತ್ತರ, ಒಂದು ಪರಿಚಯದ ವಿಡಿಯೊ, ನಾಲ್ಕು ಫೋಟೋ. ಸಿನಿಮಾದವರು ಹೆಡ್‌ಶಾಟ್ ಎನ್ನುವುದು ಇಲ್ಲಿನ ಮೊದಲ ಫೋಟೋಕ್ಕೆ, ತಲೆಯಿಂದ ಎದೆಯ ಮೇಲ್ಭಾಗದವರೆಗಿನ ಚಿತ್ರಕ್ಕೆ. ಹುಡುಗ ಸ್ಟುಡಿಯೊಕ್ಕೆ ಓಡುತ್ತಾನೆ. “ಅಣ್ಣಾ, ಜರಾ ಬೆಳ್ಳಗ ಮಾಡ್ರಿ, ಛಲೋ ಕಾಣ್ಬೇಕ್ರಿ” ಎನ್ನುತ್ತಾನೆ. ಕಂಪ್ಯೂಟರಿನಲ್ಲಿ ಮೊಡವೆ ಹೋಗುತ್ತದೆ, ಗಾಯದ ಕಲೆ ಹೋಗುತ್ತದೆ, ಬಿಸಿಲಿನಲ್ಲಿ ದುಡಿದ ಬಣ್ಣ ಹೋಗುತ್ತದೆ. ಕೊನೆಗೆ ಹುಡುಗನೇ ಹೋಗಿರುತ್ತಾನೆ.

ಪಂಡಿತರ ದಾರಿ ಇವನಿಗೆ ಒಗ್ಗದು ಎನ್ನುವುದು ಇದಕ್ಕೇ. ಅವರು ಬರೆದದ್ದು ಜನ ಆಗಲೇ ಬಲ್ಲ ತಾರೆಯ ಮುಖ, ಅದಕ್ಕೆ ಎಷ್ಟು ಹೊಳಪು ಕೊಟ್ಟರೂ ಗುರುತು ಸಿಗುತ್ತಿತ್ತು. ಹೊಸಬನ ಫೋಟೋ ನೋಡಿ ಕರೆದವರು, ಬಾಗಿಲಲ್ಲಿ ಬೇರೆ ಮನುಷ್ಯ ನಿಂತರೆ ಮುಂದಿನ ಹೆಸರು ಕೂಗುತ್ತಾರೆ. ಪಾತ್ರ ಹಂಚುವವರಿಗೆ ಚೆಲುವರಷ್ಟೇ ಸಾಲದು. ಹಮಾಲ, ಶಾನುಭೋಗ, ತೊಗರಿ ಬೆಳೆಯುವ ರೈತ, ಪರಸಿ ಕಲ್ಲಿನ ಗಣಿಯ ಆಳು, ಎಲ್ಲರೂ ಬೇಕು. ಬೀದರ ಜಿಲ್ಲೆಯ ವೈಜನಾಥ ಬಿರಾದಾರ ಅವರು ಗಿರೀಶ ಕಾಸರವಳ್ಳಿಯವರ ‘ಕನಸೆಂಬೊ ಕುದುರೆಯನೇರಿ’ ಚಿತ್ರದಲ್ಲಿ ಗೋರಿ ಅಗೆಯುವ ಈರ್ಯನಾದರು. ಆ ಮುಖವನ್ನು ಯಾರಾದರೂ ಬೆಳ್ಳಗೆ ತೀಡಿದ್ದರೆ ಈರ್ಯ ಉಳಿಯುತ್ತಿರಲಿಲ್ಲ.

ಒಳ್ಳೆಯ ಹೆಡ್‌ಶಾಟ್‌ಗೆ ನಮ್ಮ ಮನೆಗಳಲ್ಲೇ ಅರ್ಧ ಸಾಮಾನು ಇದೆ. ಬೇಸಿಗೆಯ ನಡುಹಗಲಿನ ಬಿಸಿಲು ಕಣ್ಣಿನ ಗುಳಿಗೆ ಕತ್ತಲು ತುಂಬುತ್ತದೆ, ಅದು ಬೇಡ. ಬೆಳಗಿನಲ್ಲಿ ಪಡಸಾಲೆಯ ಬಾಗಿಲ ಹತ್ತಿರ, ಬಿಸಿಲು ನೇರ ಬೀಳದ ಕಡೆ, ಬೆಳಕಿಗೆ ತುಸು ಓರೆಯಾಗಿ ಕೂತರೆ ಸಾಕು. ಕಣ್ಣ ಕಪ್ಪಿನಲ್ಲಿ ಬಾಗಿಲಿನ ಬಿಳಿ ಚುಕ್ಕೆ ಕಾಣಬೇಕು, ಅದಿಲ್ಲದಿದ್ದರೆ ಕಣ್ಣು ಸತ್ತಂತಿರುತ್ತದೆ. ಹಿಂದೆ ಶಹಾಬಾದ್ ಕಲ್ಲಿನ ಗೋಡೆ ಇದ್ದರೆ ಪರದೆಯೇ ಬೇಡ, ಆ ಬೂದು ಬಣ್ಣ ಮುಖವನ್ನು ಮುಂದಕ್ಕೆ ತಳ್ಳುತ್ತದೆ. ಗೋಡೆಗೆ ಒರಗದೆ ನಾಲ್ಕೈದು ಅಡಿ ಮುಂದೆ ಕೂರಬೇಕು.

ಮೊಬೈಲನ್ನು ಮುಖಕ್ಕೆ ಹತ್ತಿರ ಹಿಡಿದರೆ ಮೂಗು ದಪ್ಪ, ಕಿವಿ ಸಣ್ಣ. ಐದಾರು ಅಡಿ ಹಿಂದೆ ಸರಿದು ಎರಡು ಪಟ್ಟು ಜೂಮ್ ಇಟ್ಟು, ಕಣ್ಣಿನ ಮಟ್ಟಕ್ಕೆ ಹಿಡಿದು ತೆಗೆಯಬೇಕು. ಬ್ಯೂಟಿ ಮೋಡ್ ಬಂದ್. ಒಂದೇ ಬಣ್ಣದ ಅಂಗಿ ಸಾಕು, ಗೀಟಿನದು, ಹೂವಿನದು, ಕಂಪನಿಯ ಹೆಸರಿನದು ಬೇಡ. ಒಂದು ನಗುವಿನದು, ಒಂದು ನಗದ್ದು, ಒಂದು ಮಗ್ಗುಲಿನದು, ಒಂದು ನಿಂತ ನಿಲುವಿನದು. ಮೀಸೆ ತೆಗೆದರೆ, ಗಡ್ಡ ಬಿಟ್ಟರೆ, ತೂಕ ಏರಿದರೆ ಹೊಸದಾಗಿ ತೆಗೆಸಬೇಕು. ದೊಡ್ಡ ಮೊತ್ತ ಕೊಟ್ಟು ಪೋರ್ಟ್‌ಫೋಲಿಯೊ ಮಾಡಿಸಿದರೆ ಮಾತ್ರ ಅವಕಾಶ ಎನ್ನುವವರ ಗೊಡವೆಗೆ ಹೋಗಬಾರದು. ಪಾತ್ರಕ್ಕೆ ಸಂಬಳ ಕೊಡುವವರು ಮೊದಲು ಹಣ ಕೇಳುವುದಿಲ್ಲ.

ಹೇಳಿದಷ್ಟು ಸುಲಭವಲ್ಲದ್ದು ಒಂದಿದೆ. ಕ್ಯಾಮೆರಾ ಎದುರು ನಮ್ಮವರು ಉಸಿರು ಹಿಡಿದು ಕೂರುತ್ತಾರೆ. ಪಾಸ್‌ಪೋರ್ಟ್ ಫೋಟೋದ ಶಿಸ್ತು ಅಷ್ಟು ಆಳಕ್ಕೆ ಇಳಿದಿದೆ. ತೆಗೆಯುವವನು ಮಾತಾಡಿಸಬೇಕು, ಜಾತ್ರೆಯ ನಾಟಕದ ಒಂದು ಡೈಲಾಗ್ ಹೇಳಿಸಬೇಕು. ಮಾತು ಮುಗಿದು ಬಾಯಿ ಮುಚ್ಚಿದ ಮೇಲೂ ಪಾತ್ರ ಕಣ್ಣಲ್ಲಿ ಅರೆಕ್ಷಣ ಉಳಿದಿರುತ್ತದೆ. ಕ್ಲಿಕ್ ಆಗಬೇಕಾದದ್ದು ಆಗ.

ಕಲಬುರಗಿಯಲ್ಲಿ ರಂಗಾಯಣ ಇದೆ, ಪಂಡಿತರ ಹೆಸರಿನ ರಂಗಮಂದಿರ ಇದೆ. ವರ್ಷಕ್ಕೊಮ್ಮೆ ಎರಡು ದಿನ ಅಲ್ಲಿ ಒಬ್ಬ ಬಲ್ಲ ಛಾಯಾಗ್ರಾಹಕನನ್ನು ಕೂರಿಸಿ, ಸುತ್ತಲ ತಾಲ್ಲೂಕುಗಳ ನಾಟಕದವರಿಗೆ ಹೆಸರು, ಊರು, ಮಾಡಿದ ಪಾತ್ರಗಳ ಸಮೇತ ಫೋಟೋ ತೆಗೆದಿಟ್ಟರೆ ಎಷ್ಟು ಖರ್ಚಾದೀತು? ಊರೂರಿನ ನಾಯಕರು, ಹಾಸ್ಯಗಾರರ ಮುಖ ಉಳಿದಿರುವುದು ಹ್ಯಾಂಡ್‌ಬಿಲ್ಲಿನ ಅಗ್ಗದ ಕಾಗದದ ಮೇಲೆ. ನಾಟಕ ಮುಗಿದ ಮರುದಿನ ಆ ಕಾಗದದಲ್ಲಿ ಮಿರ್ಚಿ ಭಜಿ ಕಟ್ಟುತ್ತಾರೆ, ಮುಂದಿನ ಜಾತ್ರೆಗೆ ಅದೇ ನಟ ಅದೇ ಪಾಸ್‌ಪೋರ್ಟ್ ಫೋಟೋ ಕೊಡುತ್ತಾನೆ.