ಹಿರಿಯ ವೈದ್ಯ ಅಧ್ಯಾಪಕರ ನಿವೃತ್ತಿ: ಸಿದ್ಧತೆ ಮೊದಲೇ ಆಗಲಿ

ಯೇಸುಸಭೆಯ ವಂ. ಅಗಸ್ಟಸ್ ಮುಲ್ಲರ್ ಅವರು 1880ರಲ್ಲಿ ಕಂಕನಾಡಿಯಲ್ಲಿ ಹೋಮಿಯೋಪಥಿ ಔಷಧಿ ಕೊಡಲು ಆರಂಭಿಸಿದರು. 1910ರಲ್ಲಿ ಅವರು ನಿಧನರಾದರೂ ಸೇವೆ ನಿಲ್ಲಲಿಲ್ಲ. ಹೊಣೆ ಹೊರಲು ಇತರರಿದ್ದರು. ವೈದ್ಯಕೀಯ ಕಾಲೇಜುಗಳ ಮುಂದೆ ಇಂದು ಇರುವ ಪ್ರಶ್ನೆಯೂ ಇದೇ.

ಫಾದರ್ ಮುಲ್ಲರ್ ವೈದ್ಯಕೀಯ ಕಾಲೇಜಿನಲ್ಲಿ ಎಂ.ಬಿ.ಬಿ.ಎಸ್. ಶಿಕ್ಷಣ ಆರಂಭವಾದದ್ದು 1999ರಲ್ಲಿ. ಆ ವರ್ಷ 35ರ ಪ್ರಾಯದಲ್ಲಿ ಬೋಧನೆಗೆ ಇಳಿದವರಿಗೆ 2024ರಲ್ಲಿ 60 ತುಂಬಿದೆ. ರಾಷ್ಟ್ರೀಯ ವೈದ್ಯಕೀಯ ಆಯೋಗದ ನಿಯಮದಂತೆ 70 ವರ್ಷದವರೆಗೆ ಬೋಧಕ ಹುದ್ದೆಯಲ್ಲಿ ಮುಂದುವರಿಯಲು ಅವಕಾಶವಿದೆ. ಆದರೆ ಇದು ನಿವೃತ್ತಿಯನ್ನು ಮುಂದೂಡುತ್ತದೆಯೇ ಹೊರತು ಉತ್ತರಾಧಿಕಾರಿಯನ್ನು ರೂಪಿಸುವುದಿಲ್ಲ.

ಬೋಧಕರಿಗೆ ವೈದ್ಯಕೀಯ ಶಿಕ್ಷಣದ ಮೂಲ ತರಬೇತಿ ಇದೆ. ಅದು ಪಾಠ ಮಾಡಲು ಕಲಿಸುತ್ತದೆ. ಡ್ಯೂಟಿ ಹಂಚುವುದು, ರೋಗಿಯ ಮನೆಯವರ ಸಿಟ್ಟು ತಣಿಸುವುದು, ಕಿರಿಯರ ತಪ್ಪು ತಿದ್ದುವುದು - ಇವನ್ನು ಹಿರಿಯರ ಜೊತೆ ನಿಂತೇ ಕಲಿಯಬೇಕು. ಆದುದರಿಂದ ನಿವೃತ್ತಿಗೆ ಎರಡು ಮೂರು ವರ್ಷ ಮೊದಲೇ ವಿಭಾಗದ ಹೊಣೆಯನ್ನು ಹಂತಹಂತವಾಗಿ ಕಿರಿಯರಿಗೆ ಒಪ್ಪಿಸುವುದು ಒಳಿತು.

ಬಿಟ್ಟು ಹೋಗುವವರ ಕಷ್ಟವೂ ಇದೆ. ಮೂವತ್ತು ವರ್ಷ 'ಡಾಕ್ಟ್ರೇ' ಎಂದು ಕರೆಸಿಕೊಂಡವರಿಗೆ ಸೋಮವಾರ ಬೆಳಿಗ್ಗೆ ಹೋಗಲು ವಾರ್ಡು ಇರುವುದಿಲ್ಲ. ವಾರಕ್ಕೊಂದು ತರಗತಿ, ಹಳ್ಳಿಯ ಶಿಬಿರ, ಕಿರಿಯರಿಗೆ ಸಲಹೆ, ಹೀಗೆ ಏನಾದರೂ ಕೆಲಸ ಅವರಿಗೆ ಉಳಿಯಲಿ. ಶಾಲು ಹೊದಿಸಿ, ಊಟ ಹಾಕಿ, ಮರುದಿನ ಮರೆತುಬಿಡುವುದು ಕೃತಜ್ಞತೆಯಲ್ಲ ಎಂದು ನಾವು ನಂಬುತ್ತೇವೆ.