ಬಹಮನಿ: ಹೆಸರೊಂದರ ಹಿಂದೆ

ಬಡ ಹಸನ್ ದೆಹಲಿಯಲ್ಲಿ ಗಂಗು ಎಂಬ ಬ್ರಾಹ್ಮಣನ ಹೊಲ ಉಳುತ್ತಿದ್ದ. ನೇಗಿಲಿಗೆ ಸಿಕ್ಕ ನಿಧಿಯನ್ನು ಒಡೆಯನಿಗೆ ಒಪ್ಪಿಸಿದ. ಮೆಚ್ಚಿದ ಗಂಗು, ನೀನು ರಾಜನಾಗುವೆ ಎಂದು ಭವಿಷ್ಯ ನುಡಿದ. ಆ ಋಣಕ್ಕಾಗಿಯೇ ಹಸನ್ ತನ್ನ ವಂಶಕ್ಕೆ 'ಬಹಮನಿ' ಎಂಬ ಹೆಸರಿಟ್ಟ. ಈ ಕಥೆಯನ್ನು ಕೇಳದವರು ವಿರಳ. ಆದರೆ ಇದನ್ನು ಪ್ರಸಿದ್ಧಿಗೆ ತಂದ ಫೆರಿಷ್ತಾ ಬಿಜಾಪುರದ ಆಸ್ಥಾನದಲ್ಲಿ ಬರೆದದ್ದು ಸುಮಾರು ಎರಡೂವರೆ ಶತಮಾನಗಳ ನಂತರ. ಹಸನನ ನಾಣ್ಯಗಳಲ್ಲಿ ಗಂಗುವಿನ ಹೆಸರಿಲ್ಲ. ಅಲ್ಲಿರುವುದು 'ಬಹಮನ್ ಷಾ'. ಬಹಮನ್ ಪ್ರಾಚೀನ ಇರಾನಿನ ಪುರಾಣಪ್ರಸಿದ್ಧ ದೊರೆ.

ಹಾಗಾದರೆ ಹಸನ್ ಮೇಲೆ ಬಂದದ್ದು ಹೇಗೆ? ದಖ್ಖನ್ನಿನ ಆಡಳಿತ 'ಸದಾ ಅಮೀರ'ರೆಂಬ ಸರದಾರರ ಕೈಯಲ್ಲಿತ್ತು. ಮುಹಮ್ಮದ್ ಬಿನ್ ತುಘಲಕನಿಗೆ ಇವರ ಮೇಲೆ ಸಂಶಯ. ಮಾಳವದ ಧಾರ್‌ನಲ್ಲಿ ಇಂಥ ಎಂಬತ್ತಕ್ಕೂ ಹೆಚ್ಚು ಮಂದಿಯನ್ನು ಅವನ ಅಧಿಕಾರಿ ಕೊಲ್ಲಿಸಿದ. ದಖ್ಖನ್ನಿನವರಿಗೂ ಕರೆ ಬಂದಾಗ, ಹೋದರೆ ಸಾವೇ ಗತಿಯೆಂದು ಅರಿತು ಅವರು ಬಂಡೆದ್ದರು. ದೌಲತಾಬಾದನ್ನು ಹಿಡಿದು ಇಸ್ಮಾಯಿಲ್ ಮುಖ್ ಎಂಬುವನನ್ನು ಸುಲ್ತಾನನನ್ನಾಗಿ ಮಾಡಿದರು. ಕೋಟೆಗೆ ಮುತ್ತಿಗೆ ಹಾಕಿದ ತುಘಲಕ, ಗುಜರಾತಿನಲ್ಲೂ ದಂಗೆಯೆದ್ದುದರಿಂದ ಅತ್ತ ಧಾವಿಸಬೇಕಾಯಿತು. ಅವನು ಬಿಟ್ಟುಹೋದ ಸೈನ್ಯವನ್ನು ಸೋಲಿಸಿದವನೇ ಹಸನ್. ವೃದ್ಧ ಇಸ್ಮಾಯಿಲ್ ತಾನಾಗಿಯೇ ಪಟ್ಟ ಬಿಟ್ಟುಕೊಟ್ಟ. 1347ರ ಆಗಸ್ಟ್ 3ರಂದು ಹಸನ್ ಸಿಂಹಾಸನವೇರಿದ. ಗುಲ್ಬರ್ಗ, ಅಂದರೆ ಇಂದಿನ ಕಲಬುರಗಿ, ಅವನ ರಾಜಧಾನಿಯಾಯಿತು.

ರಾಜವಂಶದಲ್ಲಿ ಹುಟ್ಟದವನಿಗೆ ಪಟ್ಟದ ಜತೆಗೆ ಒಂದು ವಂಶಾವಳಿಯೂ ಬೇಕು. ಅದನ್ನು ಹಸನ್ ಇರಾನಿನಲ್ಲಿ ಹುಡುಕಿದ. ಜನರು ಹೊಲದ ಸಾಲಿನಲ್ಲಿ ಹುಡುಕಿದರು. ಅವನನ್ನು ನಿಜವಾಗಿ ಮೇಲೆತ್ತಿದ್ದು ಮಾತ್ರ ಜೀವಭಯದಿಂದ ಒಂದಾದ ಸರದಾರರ ಬಲ.