ಹಾತಿಮ್ ತಾಯಿಯ ನಾಡಿನ ಬಂಡೆಚಿತ್ರಗಳು

ಜಿಪುಣರೊಬ್ಬರು ಅಪರೂಪಕ್ಕೆ ಹತ್ತು ರೂಪಾಯಿ ಕೊಟ್ಟರೆ, ‘ಹಾತಿಮ್ ತಾಯಿಯ ಗೋರಿಗೇ ಒದ್ದುಬಿಟ್ಟರು’ ಎಂದು ನಮ್ಮ ಮನೆಯಲ್ಲಿ ಉರ್ದುವಿನಲ್ಲಿ ತಮಾಷೆ ಮಾಡುತ್ತಾರೆ. ಹಾತಿಮ್ ಬರೀ ಕಥೆಯ ಪಾತ್ರ ಎಂದು ಎಷ್ಟೋ ಜನ ತಿಳಿದಿದ್ದಾರೆ. ಅವನು ಆರನೇ ಶತಮಾನದ ಅರಬ್ ಕವಿ, ತಯ್ಯಿ ಬುಡಕಟ್ಟಿನವನು. ಅವನ ನಾಡು ಇಂದಿನ ಸೌದಿ ಅರೇಬಿಯಾದ ಉತ್ತರಕ್ಕಿರುವ ಹಾಯಿಲ್. ಇದೇ ಹಾಯಿಲ್‌ನ ಬಂಡೆಚಿತ್ರಗಳನ್ನು ಯುನೆಸ್ಕೊ 2015ರಲ್ಲಿ ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು.

ಚಿತ್ರಗಳು ಎರಡು ಕಡೆ ಇವೆ. ಒಂದು, ಹಾಯಿಲ್ ನಗರದಿಂದ ಸುಮಾರು 90 ಕಿ.ಮೀ. ದೂರದಲ್ಲಿ, ನಫೂದ್ ಮರುಭೂಮಿಯ ಜುಬ್ಬಾ ಊರಿನ ಪಕ್ಕದ ಉಮ್ಮ್ ಸಿನ್ಮಾನ್ ಬೆಟ್ಟ. ಎರಡು ಡುಬ್ಬದ ಒಂಟೆಯಂತೆ ಕಾಣುವುದರಿಂದ ಆ ಹೆಸರು. ಇನ್ನೊಂದು, ದಕ್ಷಿಣದಲ್ಲಿ ಬಹಳ ದೂರದ ಶುವೈಮಿಸ್. ಅಲ್ಲಿನ ಚಿತ್ರಗಳು ಹೊರಜಗತ್ತಿಗೆ ತಿಳಿದದ್ದು 2001ರಲ್ಲಿ ಮಾತ್ರ.

ಇವು ಬಣ್ಣ ಬಳಿದ ಚಿತ್ರಗಳಲ್ಲ, ಕಲ್ಲಿನಿಂದ ಕಲ್ಲನ್ನು ಕುಟ್ಟಿ ಮೂಡಿಸಿದವು. ಮರುಭೂಮಿಯ ಬಂಡೆಯ ಮೇಲೆ ಸಾವಿರಾರು ವರ್ಷಗಳಲ್ಲಿ ಕಪ್ಪು ಪದರವೊಂದು ಕಟ್ಟುತ್ತದೆ. ಅದನ್ನು ಕುಟ್ಟಿ ತೆಗೆದರೆ ಒಳಗಿನ ತಿಳಿ ಬಣ್ಣ ಕಾಣುತ್ತದೆ. ಕುಟ್ಟಿದ ಜಾಗವೂ ನಿಧಾನವಾಗಿ ಮತ್ತೆ ಕಪ್ಪಾಗುತ್ತದೆ. ಆದ್ದರಿಂದ ಒಂದೇ ಬಂಡೆಯಲ್ಲಿ ಹೆಚ್ಚು ಕಪ್ಪಾದದ್ದು ಸಾಮಾನ್ಯವಾಗಿ ಹೆಚ್ಚು ಹಳೆಯದು. ಹಳೆಯವುಗಳಲ್ಲಿ ಉದ್ದ ಕೊಂಬಿನ ದನಗಳು, ಸಿಂಹಗಳು, ಬೇಟೆಗಾರನ ಸೊಂಟಕ್ಕೆ ಹಗ್ಗದಿಂದ ಕಟ್ಟಿದ ನಾಯಿಗಳು ಇವೆ. ಹೊಸ ಚಿತ್ರಗಳಲ್ಲಿ ಒಂಟೆಯೇ ಒಂಟೆ.

ಈ ಬದಲಾವಣೆಯೇ ಅಲ್ಲಿನ ಇತಿಹಾಸ. ದನಕ್ಕೆ ದಿನವೂ ನೀರು, ಹುಲ್ಲು ಬೇಕು. ಒಂದು ಕಾಲಕ್ಕೆ ಉಮ್ಮ್ ಸಿನ್ಮಾನ್ ಬೆಟ್ಟದ ಬುಡದಲ್ಲಿ ಕೆರೆಯಿತ್ತು. ಮಳೆ ಕಡಿಮೆಯಾಗಿ ಕೆರೆ ಒಣಗಿತು, ದನ ಹೋಗಿ ಒಂಟೆ ಬಂತು. ಅಂಥ ನೆಲದಲ್ಲಿ ದಾರಿಹೋಕನಿಗೆ ಯಾರೂ ನೀರು ಕೊಡದಿದ್ದರೆ ಅವನು ಸಾಯುತ್ತಾನೆ. ಇಂದು ಕೊಟ್ಟವನು ನಾಳೆ ಬೇರೆ ಗುಡಾರದ ಮುಂದೆ ನಿಲ್ಲಬೇಕಾಗಬಹುದು. ಅತಿಥಿಗೆ ಬೇರೇನೂ ಇಲ್ಲವೆಂದು ಹಾತಿಮ್ ತನ್ನ ಪ್ರೀತಿಯ ಕುದುರೆಯನ್ನೇ ಕೊಯ್ದ ಕಥೆಯನ್ನು ನಾವು ಕೇಳಿದ್ದೇವೆ. ಆ ಕಥೆ ಇಂಥ ನೆಲದಲ್ಲಿ ಹುಟ್ಟಿದ್ದು ಆಶ್ಚರ್ಯವಲ್ಲ ಎಂದು ನನಗೆ ಅನಿಸುತ್ತದೆ.

ನನ್ನ ಮಾಮೂ ಹಾಯಿಲ್ ನಗರದಲ್ಲಿ ಎಸಿ ಮೆಕ್ಯಾನಿಕ್. ಕಳೆದ ಚಳಿಗಾಲದ ಒಂದು ಶುಕ್ರವಾರ, ನಮಾಜ್ ಮುಗಿಸಿ, ಜೊತೆಗಾರರೊಂದಿಗೆ ಜುಬ್ಬಾಕ್ಕೆ ಹೋಗಿದ್ದರು. ಅವರ ಗಮನ ಮೊದಲು ಹೋದದ್ದು ಬೆಟ್ಟದ ಸುತ್ತಲಿನ ಬೇಲಿಯ ಕಡೆಗೆ. (ನಮ್ಮ ಬಳ್ಳಾರಿ ಹತ್ತಿರದ ಕಪ್ಪಗಲ್ಲು ಗುಡ್ಡದಲ್ಲೂ ದನಗಳನ್ನು ಹೀಗೆಯೇ ಕುಟ್ಟಿ ಮೂಡಿಸಿದ್ದಾರೆ. ಅಲ್ಲಿ ಕಲ್ಲುಗಣಿಗಾರಿಕೆಯಿಂದ ಹಾನಿಯಾಗಿದೆ.) ಚಿತ್ರ ನೋಡಿ ಹೊರಬಂದಾಗ ಊರಿನ ಹಿರಿಯರೊಬ್ಬರು, ‘ಕಾಫಿ ಕುಡಿಯದೆ ಹೋಗುವಂತಿಲ್ಲ’ ಎಂದು ಮನೆಗೆ ಕರೆದೊಯ್ದರಂತೆ.

ಅಲ್ಲಿನ ಕಾಫಿ ನಮ್ಮದರಂತಲ್ಲ. ಹಾಲು, ಸಕ್ಕರೆ ಇಲ್ಲ. ಏಲಕ್ಕಿಯ ಘಮ, ಜೊತೆಗೆ ಖರ್ಜೂರ. ‘ದಲ್ಲಾ’ ಎಂಬ ಹೂಜಿಯಿಂದ ಹಿಡಿಯಿಲ್ಲದ ಪುಟ್ಟ ಬಟ್ಟಲಿಗೆ ಸ್ವಲ್ಪ ಸ್ವಲ್ಪವೇ ಹಾಕುತ್ತಾರೆ. ಬಟ್ಟಲನ್ನು ಬಲಗೈಯಲ್ಲಿ ತೆಗೆದುಕೊಳ್ಳಬೇಕು. ಸಾಕೆಂದರೆ ಅದನ್ನು ಮೆಲ್ಲಗೆ ಅಲ್ಲಾಡಿಸಬೇಕು, ಇಲ್ಲದಿದ್ದರೆ ಮತ್ತೆ ಮತ್ತೆ ತುಂಬುತ್ತಲೇ ಇರುತ್ತಾರೆ. ಇದು ಗೊತ್ತಿಲ್ಲದ ಮಾಮೂ ಅವರ ಸ್ನೇಹಿತರು ಏಳು ಬಟ್ಟಲು ಕುಡಿದರಂತೆ! ಬಂಡೆಚಿತ್ರಗಳಿಗೆ ಮಾನ್ಯತೆ ಸಿಕ್ಕ 2015ರಲ್ಲೇ ಈ ಕಾಫಿಯೂ ಔದಾರ್ಯದ ಸಂಕೇತವೆಂದು ಯುನೆಸ್ಕೊದ ಇನ್ನೊಂದು ಪಟ್ಟಿಗೆ ಸೇರಿತು. ಕಾಮರ್ಸ್ ವಿದ್ಯಾರ್ಥಿಯಾಗಿ ಒಂದು ಮಾತು: ಆ ಏಲಕ್ಕಿಯ ದೊಡ್ಡ ಪಾಲು ಬರುವುದು ನಮ್ಮ ಮಲೆನಾಡಿನಿಂದಲ್ಲ, ದೂರದ ಗ್ವಾಟೆಮಾಲಾದಿಂದ.

ಮಾಮೂ ಫೋನಿನಲ್ಲಿ ಚಿತ್ರಗಳಿಗಿಂತ ಆ ಮನೆಯ ಬಗ್ಗೆಯೇ ಹೆಚ್ಚು ಹೇಳಿದರು. ‘ಹನ್ನೊಂದು ವರ್ಷದಲ್ಲಿ ಇಲ್ಲಿ ನೂರಾರು ಮನೆಯೊಳಗೆ ಹೋಗಿದ್ದೇನೆ ಬೇಟಾ, ಟೂಲ್ ಬ್ಯಾಗ್ ಹಿಡಿದುಕೊಂಡು. ಕೈ ಬೀಸಿಕೊಂಡು ಹೋಗಿ ಗಾದಿಯ ಮೇಲೆ ಕೂತದ್ದು ಇದೇ ಮೊದಲು’ ಎಂದರು.